ಓದುಗರ ಪ್ರಶ್ನೆ: ಐಸ್‌ಕ್ರೀಮ್ ತಿನ್ನುತ್ತಿದ್ದ ಆ ಮಗು

ಹೋದ ತಿಂಗಳು ಇದೇ ಪುಟದಲ್ಲಿ ‘ದಿ ಬ್ಯಾಟಲ್ ಆಫ್ ಆಲ್ಜಿಯರ್ಸ್’ ನೋಡಿ ಅಂತ ಎರಡೇ ಸಾಲು ಬರೆದಿದ್ದೆ. 1966ರ ಸಿನಿಮಾ. ಇಟಲಿಯ ಜಿಲ್ಲೊ ಪೊಂಟೆಕೋರ್ವೊ ನಿರ್ದೇಶಕ. ಫ್ರೆಂಚರ ಆಳ್ವಿಕೆಯ ವಿರುದ್ಧ ಉತ್ತರ ಆಫ್ರಿಕಾದ ಆಲ್ಜೀರಿಯಾದವರು ಎಂಟು ವರ್ಷ ಹೋರಾಡಿದರಲ್ಲ, ಅದರಲ್ಲಿ ಆಲ್ಜಿಯರ್ಸ್ ಪಟ್ಟಣದಲ್ಲಿ ನಡೆದಷ್ಟು ಭಾಗದ ಕಥೆ. ಎರಡು ಸಾಲಿಗೆ ಇಷ್ಟು ಕಾಗದ ಬರುತ್ತವೆ ಅಂದುಕೊಂಡಿರಲಿಲ್ಲ. ಅರ್ಧ ಮೆಚ್ಚುಗೆ, ಅರ್ಧ ಬೈಗುಳ. ಹಾಗಾಗಿ ಈ ಸಲ ಪೂರ್ತಿ ಪುಟ ಇದಕ್ಕೇ. ಅಡುಗೆ ಅನಿಲದ ಬಗ್ಗೆ ಕೇಳಿದವರು ದಯವಿಟ್ಟು ಒಂದು ತಿಂಗಳು ಕಾಯಿರಿ.

ಪ್ರ: ಇದು ಡಾಕ್ಯುಮೆಂಟರಿ ಅಂತ ನಾನು, ಅಲ್ಲ ಸಿನಿಮಾ ಅಂತ ನನ್ನ ಮಗ. ಒಂದು ಪ್ಲೇಟ್ ಗಿರ್ಮಿಟ್ ಬಾಜಿ ಕಟ್ಟಿದ್ದೇವೆ. ಯಾರು ಗೆದ್ದರು ಹೇಳಿ. (ಹಾವೇರಿಯಿಂದ ಒಬ್ಬ ಅಪ್ಪ)

ಉ: ಗಿರ್ಮಿಟ್ ನಿಮ್ಮ ಮಗನಿಗೆ. ಆದರೆ ನಾಚಿಕೊಳ್ಳಬೇಡಿ, ನಿಮ್ಮ ಹಾಗೆ ಮೋಸ ಹೋದವರು ಲೋಕದ ತುಂಬ ಇದ್ದಾರೆ. ಅಮೆರಿಕದಲ್ಲಿ ಬಿಡುಗಡೆ ಮಾಡಿದಾಗ, ಇದರಲ್ಲಿ ಒಂದಡಿ ನ್ಯೂಸ್‌ರೀಲ್ ಕೂಡ ಬಳಸಿಲ್ಲ ಅಂತ ಮೊದಲೇ ಬರೆದು ತೋರಿಸಬೇಕಾಯಿತು. ಪ್ರತಿಯೊಂದು ಸೀನೂ ನಟಿಸಿ ತೆಗೆದದ್ದು.

ಹಾಗೆ ಕಾಣಿಸೋಕೆ ಬೇಕಾದಷ್ಟು ಕಷ್ಟಪಟ್ಟಿದ್ದಾರೆ. ಜನ ಯುದ್ಧವನ್ನು ನೋಡುತ್ತಿದ್ದದ್ದೇ ಪೇಪರಿನ ಫೋಟೋದಲ್ಲಿ, ಟಿವಿಯಲ್ಲಿ: ಕಪ್ಪುಬಿಳುಪು, ಸ್ವಲ್ಪ ಮಸುಕು, ದೂರದಿಂದ ಎಳೆದು ಹಿಡಿದ ಮುಖಗಳು. ಕ್ಯಾಮೆರಾಮನ್ ಮಾರ್ಚೆಲ್ಲೊ ಗತ್ತಿ ಅದನ್ನೇ ಹಿಡಿದರು. ಕ್ಯಾಮೆರಾ ಕೈಯಲ್ಲೇ, ದೂರದ ಲೆನ್ಸು, ಮೇಲಿಂದ ನೆಗೆಟಿವ್‌ನ ಕಾಪಿ ತೆಗೆದು ಚಿತ್ರವನ್ನು ಬೇಕಂತಲೇ ಒರಟು ಮಾಡಿದರು. ಜಾಗವೂ ಸೆಟ್ ಅಲ್ಲ. ಆಲ್ಜಿಯರ್ಸ್‌ನ ಹಳೇ ಪೇಟೆ, ಕಸ್ಬಾ ಅಂತಾರೆ, ಗುಡ್ಡದ ಮೇಲಿಂದ ಸಮುದ್ರದ ಕಡೆ ಇಳಿಯೋ ಮೆಟ್ಟಿಲು ಮೆಟ್ಟಿಲಿನ ಓಣಿಗಳು, ಅಲ್ಲೇ ತೆಗೆದದ್ದು. ಸ್ವಾತಂತ್ರ್ಯ ಬಂದದ್ದು 1962ರಲ್ಲಿ, ಶೂಟಿಂಗ್ 1965ರಲ್ಲಿ. ಅಂದರೆ ಮಿಲಿಟರಿಯವರು ಬಾಗಿಲು ಒದ್ದು ಒಳಗೆ ಬಂದಾಗ ಗೋಡೆಗೆ ಒರಗಿ ನಿಲ್ಲುವ ಹೆಂಗಸರಲ್ಲಿ ಎಷ್ಟೋ ಜನ ಎಂಟು ವರ್ಷದ ಹಿಂದೆ ನಿಜವಾಗಿ ಹಾಗೆ ನಿಂತಿದ್ದವರೇ. ನಟನೆ ಹೇಳಿಕೊಡೋದು ಏನಿರುತ್ತೆ ಅಲ್ಲಿ.

ಪ್ರ: ನಿಯೋರಿಯಲಿಸಂ ಅಂದರೇನು, ಎರಡು ಮಾತಲ್ಲಿ ಹೇಳಿ. ಪರೀಕ್ಷೆ ಇದೆ. (ಮೈಸೂರಿನ ವಿದ್ಯಾರ್ಥಿನಿ)

ಉ: ಎರಡನೇ ಮಹಾಯುದ್ಧ ಮುಗಿದಾಗ ಇಟಲಿಯಲ್ಲಿ ಸ್ಟುಡಿಯೋಗಳೂ ಹಾಳಾಗಿದ್ದವು, ದುಡ್ಡೂ ಇರಲಿಲ್ಲ, ಜನಕ್ಕೆ ಸುಳ್ಳು ಕಥೆ ಸಾಕಾಗಿತ್ತು. ನಿರ್ದೇಶಕರು ಕ್ಯಾಮೆರಾ ಎತ್ತಿಕೊಂಡು ಬೀದಿಗೆ ಬಂದರು, ಸಿಕ್ಕ ಬೆಳಕಲ್ಲಿ, ಸಿಕ್ಕ ಜನರನ್ನೇ ಇಟ್ಟುಕೊಂಡು ಬಡವರ ಕಥೆ ತೆಗೆದರು. ಪೊಂಟೆಕೋರ್ವೊ ಪತ್ರಕರ್ತರಾಗಿದ್ದವರು. ಅಂಥದ್ದೇ ಒಂದು ಸಿನಿಮಾ, ರೊಸ್ಸೆಲ್ಲಿನಿಯ ‘ಪೈಸಾ’, ನೋಡಿ ಪತ್ರಿಕೆ ಕೆಲಸ ಬಿಟ್ಟು ಸಿನಿಮಾಕ್ಕೆ ಬಂದರು. ಪರೀಕ್ಷೆಗೆ ಇಷ್ಟು ಸಾಕು. ಪರೀಕ್ಷೆಗೆ ಬೇಡವಾದ ಒಂದು ಮಾತು: ಅವರು ಯಹೂದಿ ಮನೆತನದವರು, ಯುದ್ಧದಲ್ಲಿ ಫ್ಯಾಸಿಸ್ಟರ ವಿರುದ್ಧ ಭೂಗತರಾಗಿ ಕೆಲಸ ಮಾಡಿದವರು. ಅಡಗಿ ಕೂತವನ ಉಸಿರು ಹೇಗಿರುತ್ತೆ ಅಂತ ಗೊತ್ತಿದ್ದ ಮನುಷ್ಯ.

ಪ್ರ: ನಟರು ಯಾರೂ ಗೊತ್ತಿರೋ ಮುಖ ಅಲ್ಲ. ಆ ಅಲಿ ಪಾತ್ರದ ಹುಡುಗನ ಕಣ್ಣು ಮಾತ್ರ ಮರೆಯೋಕಾಗ್ತಿಲ್ಲ. (ಪುತ್ತೂರು)

ಉ: ಗೊತ್ತಿರೋ ಮುಖ ಇರಲೇಬಾರದು ಅನ್ನೋದೇ ಹಟ. ಅಲಿ ಲಾ ಪಾಯಿಂಟ್ ಪಾತ್ರ ಮಾಡಿದ್ದು ಬ್ರಾಹಿಮ್ ಹಜಾಜ್, ಓದುಬರಹ ಬಾರದ ಹಳ್ಳಿ ಹುಡುಗ. ಸಂತೆಯಲ್ಲಿ ಪೊಂಟೆಕೋರ್ವೊ ಕಣ್ಣಿಗೆ ಬಿದ್ದ. ಇಡೀ ಸಿನಿಮಾದಲ್ಲಿ ಕಸುಬಿನ ನಟ ಅಂದರೆ ಒಬ್ಬರೇ, ಫ್ರೆಂಚ್ ಕರ್ನಲ್ ಮಾಥ್ಯೂ ಪಾತ್ರದ ಜಾಂ ಮಾರ್ತಾಂ. ತಮಾಷೆ ನೋಡಿ, ಈ ಪುಣ್ಯಾತ್ಮ ಆಲ್ಜೀರಿಯಾ ಯುದ್ಧದ ವಿರುದ್ಧ ಫ್ರೆಂಚ್ ಬರಹಗಾರರು, ಕಲಾವಿದರು 1960ರಲ್ಲಿ ಹೊರಡಿಸಿದ ಹೇಳಿಕೆಗೆ ಸಹಿ ಹಾಕಿ ರಂಗಭೂಮಿಯ ಕೆಲಸ ಕಳೆದುಕೊಂಡಿದ್ದವರು.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಭೂಗತ ಗುಂಪಿನ ನಾಯಕ ಜಾಫರ್ ಪಾತ್ರ ಮಾಡಿದ್ದಾರಲ್ಲ, ಅವರು ಸಾದಿ ಯಾಸೆಫ್. ನಿಜವಾದ ಹೋರಾಟದಲ್ಲಿ ಎಫ್‌ಎಲ್‌ಎನ್ ಅನ್ನುವ ಸಂಘಟನೆಯ ಆಲ್ಜಿಯರ್ಸ್ ಸೇನಾ ಮುಖ್ಯಸ್ಥರಾಗಿದ್ದವರು. 1957ರಲ್ಲಿ ಸಿಕ್ಕಿಬಿದ್ದರು, ಜೈಲಿನಲ್ಲಿ ಕೂತು ನೆನಪುಗಳನ್ನು ಬರೆದರು, ಹೊರಗೆ ಬಂದು ಈ ಸಿನಿಮಾದ ನಿರ್ಮಾಪಕರಲ್ಲಿ ಒಬ್ಬರಾದರು, ಕೊನೆಗೆ ತಮ್ಮದೇ ಪಾತ್ರವನ್ನು ಬೇರೆ ಹೆಸರಲ್ಲಿ ತಾವೇ ಮಾಡಿದರು. ಅವರು ಮೊದಲು ತಂದ ಕಥೆಯನ್ನು ಪೊಂಟೆಕೋರ್ವೊ ಒಪ್ಪಲಿಲ್ಲ, ಇದು ಬರೀ ಪ್ರಚಾರ ಆಗುತ್ತೆ ಅಂದರು. ಪೊಂಟೆಕೋರ್ವೊ ಮತ್ತು ಲೇಖಕ ಫ್ರಾಂಕೊ ಸೊಲಿನಾಸ್ ಹತ್ತಿರ ಇದ್ದ ಕಥೆಯನ್ನು ಯಾಸೆಫ್ ಕಡೆಯವರು ಒಪ್ಪಲಿಲ್ಲ. ಅದರಲ್ಲಿ ನಾಯಕ ಒಬ್ಬ ಬಿಳಿಯ ಪತ್ರಕರ್ತ! ಎರಡೂ ಕಸದ ಬುಟ್ಟಿಗೆ ಹೋಗಿ ಮೂರನೆಯದು ಹುಟ್ಟಿತು. ಬಚಾವಾದೆವು.

ಮತ್ತೆ ಅಲಿ ಕಟ್ಟುಕಥೆ ಅಲ್ಲ. ಜೂಜು, ಜಗಳ, ಜೈಲು ಅಂತ ಅಲೆದಾಡಿಕೊಂಡಿದ್ದ ಹುಡುಗ ಹೋರಾಟಗಾರನಾದದ್ದು ನಿಜ. 1957ರ ಅಕ್ಟೋಬರ್ 8ರಂದು ಕಸ್ಬಾದ ಒಂದು ಮನೆಯ ಗೋಡೆಯ ಹಿಂದೆ ಅಡಗಿದ್ದಾಗ ಫ್ರೆಂಚರು ಇಡೀ ಮನೆಯನ್ನೇ ಸ್ಫೋಟಿಸಿದ್ದೂ ನಿಜ. ಜೊತೆಗೆ ಸತ್ತ ಪುಟ್ಟ ಹುಡುಗ ಒಮರ್, ಸಾದಿ ಯಾಸೆಫ್‌ಗೆ ಸಂಬಂಧದಲ್ಲಿ ಮಗನಾಗಬೇಕು. ಹನ್ನೆರಡೋ ಹದಿಮೂರೋ ವರ್ಷ.

ಪ್ರ: ನೀವು ಹೇಳಿದಿರಿ ಅಂತ ನೋಡಿದೆ. ಮೂವರು ಹೆಂಗಸರು ಕೆಫೆಯಲ್ಲಿ ಬಾಂಬಿಟ್ಟು ಬರುವ ಸೀನಿನಲ್ಲಿ ಟಿವಿ ಆರಿಸಿದೆ. ಅಲ್ಲಿ ಒಂದು ಪುಟ್ಟ ಮಗು ಐಸ್‌ಕ್ರೀಮ್ ತಿನ್ನುತ್ತಿತ್ತು. ಇದನ್ನು ಸ್ವಾತಂತ್ರ್ಯ ಹೋರಾಟ ಅಂತ ಹೇಗೆ ಕರೀತೀರಿ? ಈ ಸಿನಿಮಾ ಭಯೋತ್ಪಾದನೆಗೆ ಸರ್ಟಿಫಿಕೇಟ್ ಕೊಡೋದಿಲ್ವಾ? (ಶಿವಮೊಗ್ಗದಿಂದ ಒಬ್ಬ ಅಜ್ಜಿ. ಇಂಥದ್ದೇ ಪ್ರಶ್ನೆ ಇನ್ನೂ ಒಂಬತ್ತು ಕಾಗದಗಳಲ್ಲಿದೆ.)

ಉ: ಅಮ್ಮಾ, ನೀವು ಟಿವಿ ಆರಿಸಿದ ಜಾಗ ಸರಿಯಾಗಿದೆ. ಅಲ್ಲಿ ಕೈ ನಡುಗದೇ ಇದ್ದರೆ ಸಿನಿಮಾ ಸೋತ ಹಾಗೆ.

ಆ ಸೀನನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಮೂವರೂ ಕನ್ನಡಿ ಮುಂದೆ ಕೂತು ಬುರ್ಖಾದಂಥ ಬಿಳಿ ಹೊದಿಕೆ ತೆಗೆದು, ಕೂದಲು ಕತ್ತರಿಸಿಕೊಂಡು, ಬಣ್ಣ ಹಚ್ಚಿಕೊಂಡು ಫ್ರೆಂಚ್ ಹುಡುಗಿಯರ ಹಾಗೆ ಆಗ್ತಾರೆ. ಅಲ್ಲಿ ಮಾತೇ ಇಲ್ಲ. ಬರೆದಿದ್ದ ಮಾತನ್ನು ತೆಗೆದುಹಾಕಿ ಅಲ್ಲಿಯ ಭಿಕ್ಷುಕರು ಬಡಿಯುವ ಬಾಬಾ ಸಲೇಮ್ ಅನ್ನುವ ತಮಟೆಯಂಥ ತಾಳವನ್ನು ಮಾತ್ರ ಇಟ್ಟರು. ಎದೆಬಡಿತದ ಹಾಗೆ ಕೇಳಿಸುತ್ತೆ. ಆಮೇಲೆ ಚೆಕ್‌ಪೋಸ್ಟ್, ಹಲ್ಲು ಕಿರಿಯುವ ಸೈನಿಕ. ಆಮೇಲೆ ಕೆಫೆ. ಇಲ್ಲಿ ಬೇರೆ ನಿರ್ದೇಶಕರಾಗಿದ್ದರೆ ಏನು ಮಾಡುತ್ತಿದ್ದರು? ಒಳಗಿದ್ದವರನ್ನು ಕುಡುಕರು, ದರ್ಪದವರು, ನಾಲ್ಕು ಬೈಗುಳ ಆಡುವವರು ಅಂತ ತೋರಿಸಿ ನಮ್ಮ ಮನಸ್ಸಿಗೆ ಸಮಾಧಾನ ಮಾಡುತ್ತಿದ್ದರು. ಹೋಗಲಿ ಬಿಡು, ಪಾಪಿಗಳು ಸತ್ತರು ಅಂತ ನಾವು ಪಾಪ್‌ಕಾರ್ನ್ ತಿನ್ನುತ್ತಿದ್ದೆವು. ಪೊಂಟೆಕೋರ್ವೊ ಹಾಗೆ ಮಾಡಲಿಲ್ಲ. ಬಾಂಬು ತಂದವಳ ಕಣ್ಣಿನಿಂದಲೇ ಒಬ್ಬೊಬ್ಬರ ಮುಖ ತೋರಿಸಿದರು. ಹರಟುವ ಗಂಡಸರು, ಕುಣಿಯುವ ಹುಡುಗ ಹುಡುಗಿಯರು, ನಿಮ್ಮ ಆ ಮಗು. ಅವಳು ನೋಡಿದಳು, ನೋಡಿಯೂ ಚೀಲವನ್ನು ಕಾಲಿನಿಂದ ಒಳಗೆ ತಳ್ಳಿದಳು. ಅವಳನ್ನು ಕ್ಷಮಿಸಿ ಅಂತ ಸಿನಿಮಾ ಎಲ್ಲೂ ಕೇಳಿಕೊಳ್ಳುವುದಿಲ್ಲ.

ಇದು ನಡೆದದ್ದು 1956ರ ಸೆಪ್ಟೆಂಬರ್ 30ರಂದು, ಮಿಲ್ಕ್ ಬಾರ್ ಮತ್ತು ಕೆಫೆಟೀರಿಯಾ ಅನ್ನುವ ಎರಡು ಜಾಗಗಳಲ್ಲಿ. ಏರ್ ಫ್ರಾನ್ಸ್ ಆಫೀಸಿನ ಮೂರನೇ ಬಾಂಬು ಸಿನಿಮಾದಲ್ಲಿ ಸಿಡಿಯುತ್ತೆ, ನಿಜವಾಗಿ ಸಿಡಿಯಲಿಲ್ಲ. ಮಿಲ್ಕ್ ಬಾರಿನಲ್ಲಿ ಐದು ವರ್ಷದ ಹುಡುಗಿಯೊಬ್ಬಳು ಅಜ್ಜಿಯನ್ನೂ ಒಂದು ಕಾಲನ್ನೂ ಕಳೆದುಕೊಂಡಳು. ಅವರ ಹೆಸರು ಡಾನಿಯೆಲ್ ಮಿಶೆಲ್-ಶಿಶ್. ದೊಡ್ಡವರಾಗಿ ಪತ್ರಕರ್ತೆಯಾದರು, ಆ ಬಾಂಬಿಟ್ಟ ಜೊಹ್ರಾ ದ್ರಿಫ್ ಅವರಿಗೆ ಬರೆದ ಕಾಗದದ ರೂಪದಲ್ಲೇ 2012ರಲ್ಲಿ ಒಂದು ಪುಸ್ತಕ ತಂದರು. ಸಿನಿಮಾ ನೋಡಿದವರು ಇದನ್ನೂ ತಿಳಿದಿರಬೇಕು ಅಂತ ನನ್ನ ಆಸೆ.

ಆದರೆ ಅಮ್ಮಾ, ಟಿವಿ ಆರಿಸೋಕೆ ಐದು ನಿಮಿಷ ಮುಂಚೆ ಏನಿತ್ತು ಅನ್ನೋದು ನಿಮಗೆ ನೆನಪಿದೆಯಾ? ನಡುರಾತ್ರಿ ಕರ್ಫ್ಯೂ ಹೊತ್ತಲ್ಲಿ ಒಬ್ಬ ಪೊಲೀಸ್ ಅಧಿಕಾರಿ ಗೆಳೆಯರ ಜೊತೆ ಕಾರಿನಲ್ಲಿ ಬಂದು ಕಸ್ಬಾದ ಮನೆಯೊಂದರ ಬುಡದಲ್ಲಿ ಬಾಂಬಿಟ್ಟು ಹೋಗ್ತಾನೆ. ರ್‍ಯೂ ದ ತೆಬ್ ಅನ್ನುವ ಬೀದಿ, 1956ರ ಆಗಸ್ಟ್ 10. ಮಲಗಿದ್ದವರು ಮಲಗಿದ ಹಾಗೇ ಸತ್ತರು, ಅಲ್ಲೂ ಮಕ್ಕಳಿದ್ದರು. ಬೆಳಿಗ್ಗೆ ಇಟ್ಟಿಗೆ ರಾಶಿಯಿಂದ ಹೆಣ ಎತ್ತುವಾಗ ಒಂದು ಪ್ರಾರ್ಥನೆಯಂಥ ಸಂಗೀತ ಬರುತ್ತೆ. ಕೆಫೆಯಲ್ಲಿ ಫ್ರೆಂಚರ ಹೆಣ ಎತ್ತುವಾಗಲೂ ಅದೇ ಸಂಗೀತ ಬರುತ್ತೆ. ಬೇರೆಯದಲ್ಲ, ಅದೇ. ಸಂಗೀತ ಎನ್ನಿಯೊ ಮೊರ್ರಿಕೋನೆ ಮತ್ತು ಪೊಂಟೆಕೋರ್ವೊ ಇಬ್ಬರೂ ಸೇರಿ ಮಾಡಿದ್ದು. ನನಗೆ ಈ ಸಿನಿಮಾದ ಜೀವ ಇರೋದೇ ಅಲ್ಲಿ. ಸ್ವಾತಂತ್ರ್ಯ ಯಾರಿಗೆ ಸಿಗಬೇಕು ಅನ್ನೋದರಲ್ಲಿ ಪೊಂಟೆಕೋರ್ವೊಗೆ ಎಳ್ಳಷ್ಟೂ ಅನುಮಾನ ಇಲ್ಲ, ಅವರು ಆಲ್ಜೀರಿಯಾದ ಕಡೆಯೇ. ಹೆಣದ ಮುಂದೆ ಮಾತ್ರ ಕಡೆ ಇಲ್ಲ. ಮತ್ತೆ ಈ ಸಿನಿಮಾಕ್ಕೆ ದುಡ್ಡು ಹಾಕಿದವರಲ್ಲಿ ಒಬ್ಬರು ಆ ಬಾಂಬುಗಳನ್ನು ಕಳಿಸಿದ ಯಾಸೆಫ್ ಅನ್ನೋದನ್ನು ಮರೀಬೇಡಿ. ತಾನು ಮಾಡಿಸಿದ್ದನ್ನು ಇಷ್ಟು ಹತ್ತಿರದಿಂದ, ಆ ಮಗುವಿನ ಮುಖದ ಸಮೇತ ತೆರೆ ಮೇಲೆ ಇಡೋಕೆ ಒಪ್ಪಿದ ಮನುಷ್ಯ. ಗೆದ್ದವರ ಸಿನಿಮಾಗಳಲ್ಲಿ ಇಂಥದ್ದು ನಾನು ಜಾಸ್ತಿ ನೋಡಿಲ್ಲ.

ಸರಿ ತಪ್ಪು ನೀವೇ ಹೇಳಿ. ನಾನು ನಾಲ್ಕು ಸಲ ನೋಡಿದ್ದೇನೆ, ಮೂರು ಸಲ ಬೇರೆ ಬೇರೆ ಉತ್ತರ ಬಂದಿದೆ.

ಪ್ರ: ಆ ಕರ್ನಲ್ ಮಾಥ್ಯೂ ನನಗೆ ಇಷ್ಟವಾಗಿಬಿಟ್ಟ. ಹೇಳೋಕೆ ನಾಚಿಕೆ. ನನ್ನಲ್ಲೇ ಏನಾದರೂ ದೋಷ ಇದೆಯಾ? (ಬೆಂಗಳೂರು, ಐಟಿ)

ಉ: ಇಲ್ಲ ಮಾರಾಯ್ರೆ. ಕಪ್ಪು ಕನ್ನಡಕ, ನೆಟ್ಟಗಿನ ನಡಿಗೆ, ಬೋರ್ಡ್ ಮೇಲೆ ತ್ರಿಕೋನ ಬರೆದು ಪಾಠ ಮಾಡೋ ಆ ರೀತಿ. ನೀವು ಐಟಿಯವರು, ಪ್ರೆಸೆಂಟೇಷನ್ ಚೆನ್ನಾಗಿ ಕೊಡೋರು ಇಷ್ಟ ಆಗೋದು ಸಹಜ! ಎಫ್‌ಎಲ್‌ಎನ್ ಸಂಘಟನೆಯಲ್ಲಿ ಪ್ರತಿಯೊಬ್ಬನಿಗೂ ಗೊತ್ತಿರೋದು ಮೂರೇ ಜನ: ತನ್ನನ್ನು ಸೇರಿಸಿಕೊಂಡವನು ಒಬ್ಬ, ತಾನು ಸೇರಿಸಿಕೊಂಡವರು ಇಬ್ಬರು. ಒಬ್ಬ ಸಿಕ್ಕಿಬಿದ್ದರೆ ಸರಪಳಿ ಪೂರ್ತಿ ಸಿಗೋದಿಲ್ಲ. ಲಾಡಿಹುಳದ ಹಾಗೆ, ತಲೆ ಸಿಗುವವರೆಗೂ ಬೆಳೀತಾನೇ ಇರುತ್ತೆ ಅಂತಾನೆ. ತಲೆ ಸಿಗಬೇಕಾದರೆ ಬಾಯಿ ಬಿಡಿಸಬೇಕು, ಬಾಯಿ ಬಿಡಿಸಬೇಕಾದರೆ... ಇಲ್ಲಿಗೆ ಬಂದಾಗ ಅವನು ಪತ್ರಕರ್ತರಿಗೇ ತಿರುಗಿ ಕೇಳ್ತಾನೆ: ಫ್ರಾನ್ಸ್ ಆಲ್ಜೀರಿಯಾದಲ್ಲಿ ಇರಬೇಕಾ ಬೇಡವಾ? ಇರಬೇಕು ಅನ್ನೋದಾದರೆ ಅದರ ಹಿಂದೆ ಬರೋದನ್ನೆಲ್ಲ ಒಪ್ಪಿಕೊಳ್ಳಿ. ಆಮೇಲೆ ಕರೆಂಟು, ನೀರು, ಬೆಂಕಿ. ಅದಕ್ಕೆ ಮಾತಿಲ್ಲ, ಸಂಗೀತ ಮಾತ್ರ.

ಅವನು ರಾಕ್ಷಸ ಆಗಿದ್ದರೆ ಕೆಲಸ ಸುಲಭವಿತ್ತು. ರಾಕ್ಷಸನನ್ನು ತೆಗೆದುಹಾಕಿದರೆ ಫ್ರೆಂಚರ ಆಳ್ವಿಕೆ ಒಳ್ಳೆಯದಾಗುತ್ತೆ ಅಂತ ಅನಿಸಿಬಿಡುತ್ತಿತ್ತು. ಬುದ್ಧಿವಂತ, ಮರ್ಯಾದಸ್ಥ ಮನುಷ್ಯನೇ ಇದನ್ನು ಮಾಡಿಸ್ತಾನೆ ಅಂದಾಗ ಬೆರಳು 1830ರಿಂದ ಅಲ್ಲಿ ಕೂತಿದ್ದ ಆಳ್ವಿಕೆಯ ಕಡೆಗೇ ತಿರುಗುತ್ತೆ.

ಮಾಥ್ಯೂ ಒಬ್ಬ ವ್ಯಕ್ತಿ ಅಲ್ಲ, 1957ರ ಜನವರಿಯಲ್ಲಿ ಪೊಲೀಸ್ ಅಧಿಕಾರವನ್ನೆಲ್ಲ ಕೈಗೆ ತೆಗೆದುಕೊಂಡ ಜನರಲ್ ಮಾಸ್ಸು, ಕರ್ನಲ್ ಬಿಜಾರ್ ಮುಂತಾದವರನ್ನು ಕಲಸಿ ಮಾಡಿದ ಪಾತ್ರ. ನಮ್ಮನ್ನು ನಾಜಿಗಳು ಅನ್ನಬೇಡಿ, ನಮ್ಮಲ್ಲಿ ನಾಜಿಗಳ ಡಖಾವ್ ಕ್ಯಾಂಪಿನಿಂದ ಬದುಕಿ ಬಂದವರಿದ್ದಾರೆ ಅಂತ ಅವನು ಹೇಳೋದು ನೆನಪಿದೆಯಾ? ನಿಜವಾದ ಆಲ್ಜಿಯರ್ಸ್‌ನಲ್ಲಿ ಅಂಥವರೊಬ್ಬರು ಇದ್ದರು. ಪೌಲ್ ತೇಜೆನ್, ಪೊಲೀಸ್ ಆಡಳಿತದ ಕಾರ್ಯದರ್ಶಿ, ಡಖಾವ್‌ನಿಂದ ಬದುಕಿ ಬಂದವರು. ಬಂಧಿಗಳ ಮೈಮೇಲಿನ ಗುರುತು ನೋಡಿ, ಹದಿನಾಲ್ಕು ವರ್ಷದ ಹಿಂದೆ ಗೆಸ್ಟಾಪೊ ಅನ್ನುವ ನಾಜಿ ಗುಪ್ತ ಪೊಲೀಸರ ನೆಲಮಾಳಿಗೆಯಲ್ಲಿ ನನ್ನ ಮೈಮೇಲೆ ಆದದ್ದೇ ಇದು ಅಂತ ಬರೆದು ರಾಜೀನಾಮೆ ಕೊಟ್ಟರು. ಹಿಡಿದುಕೊಂಡು ಹೋಗಿ ವಾಪಸ್ ಬಾರದವರು 3,024 ಜನ ಅಂತ ಲೆಕ್ಕ ಇಟ್ಟವರೂ ಅವರೇ. ಇಷ್ಟಪಡೋಕೆ ಒಬ್ಬ ಫ್ರೆಂಚ್ ಅಧಿಕಾರಿ ಬೇಕೇ ಬೇಕು ಅಂದರೆ ಇವರನ್ನು ಇಟ್ಟುಕೊಳ್ಳಿ.

ಪ್ರ: ಕೈಗೆ ಬೇಡಿ ಹಾಕಿ ಪತ್ರಕರ್ತರ ಮುಂದೆ ನಿಲ್ಲಿಸಿದ ಆ ನಾಯಕ ನಿಜವಾಗಿ ನೇಣು ಹಾಕಿಕೊಂಡರಾ? (ಕಲಬುರಗಿ)

ಉ: ಇಲ್ಲ. ಅವರು ಲಾರ್ಬಿ ಬೆನ್ ಮಹಿದಿ. ಹೆಂಗಸರ ಬುಟ್ಟಿಯಲ್ಲಿ ಬಾಂಬು ಕಳಿಸೋದು ಹೇಡಿತನ ಅಲ್ವಾ ಅಂತ ಕೇಳಿದಾಗ, ನಿಮ್ಮ ಬಾಂಬರ್ ವಿಮಾನ ನಮಗೆ ಕೊಡಿ, ನಮ್ಮ ಬುಟ್ಟಿ ನಿಮಗೆ ಕೊಡ್ತೇವೆ ಅಂತ ಸಿನಿಮಾದಲ್ಲಿ ಹೇಳೋದು ಇವರೇ. 1957ರ ಫೆಬ್ರವರಿಯಲ್ಲಿ ಸಿಕ್ಕಿದರು, ಮಾರ್ಚ್ ಮೊದಲ ವಾರ ಸತ್ತರು. ಅಂಗಿ ಹರಿದು ಹಗ್ಗ ಮಾಡಿಕೊಂಡು ನೇಣು ಹಾಕಿಕೊಂಡರು ಅಂತ ಫ್ರೆಂಚರು ಹೇಳಿದರು. ಸಿನಿಮಾ ಮಾಡುವಾಗ ಅದನ್ನು ಯಾರೂ ನಂಬಿರಲಿಲ್ಲ, ಸಿನಿಮಾದ ಪತ್ರಕರ್ತರ ಮುಖದಲ್ಲೇ ಕಾಣುತ್ತೆ. 2001ರಲ್ಲಿ ಫ್ರೆಂಚ್ ಸೈನ್ಯದಲ್ಲಿದ್ದ ಜನರಲ್ ಓಸಾರೆಸ್ ತಾನೇ ಕೊಲ್ಲಿಸಿದ್ದು ಅಂತ ಬರೆದುಕೊಂಡ. ಫ್ರಾನ್ಸ್ ಅಧ್ಯಕ್ಷ ಮ್ಯಾಕ್ರಾನ್ ಅದನ್ನು ಸರ್ಕಾರದ ಕಡೆಯಿಂದ ಒಪ್ಪಿದ್ದು 2024ರ ನವೆಂಬರ್ 1ರಂದು. ಅರವತ್ತೇಳು ವರ್ಷ ಬೇಕಾಯಿತು.

ಪ್ರ: ಫ್ರಾನ್ಸ್ ಈ ಸಿನಿಮಾ ಬ್ಯಾನ್ ಮಾಡಿತ್ತಂತೆ, ಅಮೆರಿಕ ತನ್ನ ಮಿಲಿಟರಿಗೇ ತೋರಿಸಿತಂತೆ. ಎರಡೂ ನಿಜವಾ? (ದಾವಣಗೆರೆ)

ಉ: ಎರಡೂ ನಿಜ. 1966ರಲ್ಲಿ ವೆನಿಸ್ ಚಿತ್ರೋತ್ಸವದ ದೊಡ್ಡ ಬಹುಮಾನ ಗೋಲ್ಡನ್ ಲಯನ್ ಬಂದಾಗ ಫ್ರೆಂಚ್ ನಿಯೋಗ ಸಿಟ್ಟಾಗಿ ಹೊರಗೆ ನಡೆಯಿತು. ಫ್ರಾನ್ಸಿನಲ್ಲಿ ವರ್ಷಗಟ್ಟಲೆ ತೆರೆ ಕಾಣಲಿಲ್ಲ. 1970ರಲ್ಲಿ ಅನುಮತಿ ಸಿಕ್ಕ ಮೇಲೂ ಥಿಯೇಟರಿಗೆ ಬಾಂಬಿನ ಬೆದರಿಕೆ. ಬಾಂಬಿನ ಸಿನಿಮಾಕ್ಕೆ ಬಾಂಬಿನ ಬೆದರಿಕೆ, ಏನು ಹೇಳೋದು.

ಅಮೆರಿಕದ ವಿಷಯ 2003ರ ಆಗಸ್ಟ್‌ನದು, ಇರಾಕ್‌ಗೆ ನುಗ್ಗಿ ಕೆಲವೇ ತಿಂಗಳಾಗಿತ್ತು. ಭಯೋತ್ಪಾದನೆಯ ವಿರುದ್ಧ ಕಾಳಗ ಗೆದ್ದು, ಜನರ ಮನಸ್ಸಿನ ಯುದ್ಧ ಸೋಲೋದು ಹೇಗೆ ಅನ್ನುವ ಅರ್ಥದ ತಲೆಬರಹ ಹಾಕಿ ಪೆಂಟಗನ್‌ನಲ್ಲಿ ಅಧಿಕಾರಿಗಳನ್ನು ಸಿನಿಮಾಕ್ಕೆ ಕರೆದರು. ನೋಡಿದರು. ಆಮೇಲೂ ಇರಾಕ್‌ನಲ್ಲಿ ಏನು ಮಾಡಿದರು ಅಂತ ನಿಮಗೆ ಗೊತ್ತಿದೆ.

ನನಗೆ ಇಷ್ಟದ ಕಥೆ ಬೇರೆ. ನ್ಯೂಯಾರ್ಕ್‌ನಲ್ಲಿ ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಸಂಘಟನೆಯವರ ಮೇಲೆ ಕೇಸು ನಡೆದಾಗ, ಇವರು ಎಂಥವರು ನೋಡಿ ಅಂತ ಸರ್ಕಾರಿ ವಕೀಲರು ಜ್ಯೂರಿಗೆ ಈ ಸಿನಿಮಾವನ್ನೇ ತೋರಿಸಿದರು. 1971ರಲ್ಲಿ ಜ್ಯೂರಿ ಆರೋಪಿಗಳನ್ನು ಖುಲಾಸೆ ಮಾಡಿತು!

ಪ್ರ: ಕೊನೆ ಅರ್ಥವಾಗಲಿಲ್ಲ. ಅಲಿ ಸತ್ತ, ಸಂಘಟನೆ ಮುಗೀತು. ಇದ್ದಕ್ಕಿದ್ದಂತೆ ಜನ ಎಲ್ಲಿಂದ ಬಂದರು? (ಮಂಡ್ಯ)

ಉ: ಸಿನಿಮಾದೊಳಗಿನ ಪತ್ರಕರ್ತನಿಗೂ ಅರ್ಥವಾಗಿರಲಿಲ್ಲ. ಯಾವುದೋ ಗೊತ್ತಾಗದ ಕಾರಣಕ್ಕೆ ಅಂತಲೇ ಅವನು ವರದಿ ಓದ್ತಾನೆ. 1957ರಲ್ಲಿ ಫ್ರೆಂಚರು ಆಲ್ಜಿಯರ್ಸ್ ಗೆದ್ದದ್ದು ಖಂಡಿತ, ತ್ರಿಕೋನದ ಒಂದೊಂದು ಮೂಲೆಯನ್ನೂ ಅಳಿಸಿದ್ದರು. 1960ರ ಡಿಸೆಂಬರ್‌ನಲ್ಲಿ ಯಾವ ನಾಯಕನೂ ಕಾಣದೆ ಕಸ್ಬಾದ ಜನ ಮೆಟ್ಟಿಲಿಳಿದು ಬಂದರು. ಪಂಚೆ, ಸೀರೆ ಹರಿದು ಬಾವುಟ ಹೊಲಿದ ಹಾಗೆ, ಮನೆಯಲ್ಲಿದ್ದ ಬಟ್ಟೆಯಲ್ಲೇ ಬಾವುಟ. ಹೊಗೆ ತುಂಬಿದೆ, ಯಾರೂ ಕಾಣೋದಿಲ್ಲ, ಏನು ಬೇಕು ನಿಮಗೆ ಅಂತ ಪೊಲೀಸರು ಮೈಕಿನಲ್ಲಿ ಕೇಳ್ತಾರೆ, ಹೊಗೆಯೊಳಗಿಂದ ಉತ್ತರ ಬರುತ್ತೆ. ಹೆಂಗಸರ ಆ ಉಲಿ, ನಾಲಿಗೆ ಆಡಿಸಿ ಕೂಗ್ತಾರಲ್ಲ, ಅದನ್ನು ರಾತ್ರಿ ಹೊತ್ತು ಹೆಡ್‌ಫೋನ್‌ನಲ್ಲಿ ಮಾತ್ರ ಕೇಳಬೇಡಿ.

ನಡುವಿನ ಎರಡು ಮೂರು ವರ್ಷ ಏನಾಯಿತು ಅಂತ ಸಿನಿಮಾ ಹೇಳೋದಿಲ್ಲ, ಇದು ಅದರ ಕೊರತೆಯೇ. ಹಳ್ಳಿಗಾಡಿನ ಯುದ್ಧ ಇಲ್ಲ. ಫ್ರೆಂಚರ ಕಡೆ ಸೇರಿದ ಆಲ್ಜೀರಿಯನ್ನರ ಗತಿ ಇಲ್ಲ, ಹೋರಾಟಗಾರರು ತಮ್ಮಲ್ಲೇ ಬೇರೆ ಗುಂಪಿನವರನ್ನು ಕೊಂದ ಕಥೆಯೂ ಇಲ್ಲ. ಹೆಂಗಸರಿಗೆ ಮಾತೂ ಕಡಿಮೆ. ನಿಜವಾದ ಆ ಹೆಂಗಸರು ಸುಮ್ನೆ ಕೂತವರಲ್ಲ. ಮರಣದಂಡನೆಯಿಂದ ಪಾರಾದ ಜಮೀಲಾ ಬೂಹಿರೆದ್ 2019ರಲ್ಲಿ, ಎಂಬತ್ತು ದಾಟಿದ ಮೇಲೆ, ಸ್ವತಂತ್ರ ಆಲ್ಜೀರಿಯಾದ ಸರ್ಕಾರದ ವಿರುದ್ಧವೇ ಬೀದಿಗಿಳಿದ ಹುಡುಗರ ಜೊತೆ ಅದೇ ಆಲ್ಜಿಯರ್ಸ್‌ನಲ್ಲಿ ಹೆಜ್ಜೆ ಹಾಕಿದರು.

ಪ್ರ: ಹತ್ತನೇ ಕ್ಲಾಸಿನ ಮಕ್ಕಳಿಗೆ ತೋರಿಸಬಹುದಾ? (ಶಿರಸಿಯ ಮೇಷ್ಟ್ರು)

ಉ: ಬೇಡ ಮೇಷ್ಟ್ರೇ. ಶುರುವಾಗೋದೇ ಚಿತ್ರಹಿಂಸೆ ತಿಂದು ಬಾಯಿಬಿಟ್ಟ ಮುದುಕನಿಂದ. ಬೇಕಾದರೆ ಮುಷ್ಕರದ ಭಾಗ ಒಂದನ್ನೇ ತೋರಿಸಿ: ಮಿಲಿಟರಿಯವರ ಮೈಕನ್ನು ಪುಟ್ಟ ಒಮರ್ ಕದ್ದು, ಧೈರ್ಯವಾಗಿರಿ ಅಂತ ಇಡೀ ಕಸ್ಬಾಕ್ಕೆ ಕೂಗಿ ಹೇಳ್ತಾನೆ, ಸೈನಿಕರು ದನಿ ಎಲ್ಲಿಂದ ಬಂತು ಅಂತ ಹುಡುಕ್ತಾರೆ. ಮಕ್ಕಳು ಚಪ್ಪಾಳೆ ಹೊಡೀತಾರೆ. ಆ ಹುಡುಗ ಆಮೇಲೆ ಏನಾದ ಅಂತ ಕೇಳಿದರೆ ಉತ್ತರ ಮೇಲೆ ಇದೆ, ಹೇಳೋದು ಬಿಡೋದು ನಿಮಗೆ ಬಿಟ್ಟದ್ದು.